ನಲ್ಲಿ ಬಿಗಿದ ದಿನ

ಕಾಫಿ ಲೋಟ ನೆಲಕ್ಕೆ ಉರುಳಿದ್ದರೆ ಅಂಚೆ ಗುಮಾಸ್ತರ ರಜಾದಿನ ಸುಖವಾಗಿ ಕಳೆಯುತ್ತಿತ್ತು. ಅದು ಉರುಳಿದ್ದು ಮೇಜುಬಟ್ಟೆಯ ಮೇಲೆ. ಹೊಲಿಗೆ ಟೀಚರಾಗಿದ್ದ ಹೆಂಡತಿ ಮಳೆಗಾಲವಿಡೀ ಕೂತು, ಕಣ್ಣು ಕೆಂಪು ಮಾಡಿಕೊಂಡು ಕಸೂತಿ ಹಾಕಿದ್ದ ಬಿಳಿ ಬಟ್ಟೆ. ಸಂಜೆ ಶಾಲೆಯ ಪ್ರದರ್ಶನದಲ್ಲಿ ಅದನ್ನಿಡಬೇಕು. "ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ. ಅಲ್ಲೀತನಕ ಇದರ ಹತ್ತಿರ ಉಸಿರು ಕೂಡ ಬಿಡಬೇಡಿ" ಎಂದು ಹೇಳಿಯೇ ಹೋಗಿದ್ದಳು.

ಕಲೆ ಕಂಡದ್ದೇ ತಡ, ಗುಮಾಸ್ತರು ಮದುವೆಯಾದಾಗಿನಿಂದ ಮುಟ್ಟದಿದ್ದ ವಾಷಿಂಗ್ ಮಷಿನ್ನಿನ ಬಳಿ ಓಡಿ, ಒಳಗಿದ್ದ ಹಳೇ ಹೊದಿಕೆಗಳ ಮೇಲೆ ಮೇಜುಬಟ್ಟೆ ಎಸೆದು, ಸೋಪಿನ ಪುಡಿ ಸುರಿದು, ಕಣ್ಣಿಗೆ ಬಿದ್ದ ಬಟನ್ ಒತ್ತಿದರು. ಮುಚ್ಚಳ ಟಪ್ಪೆಂದು ಲಾಕ್ ಆಯಿತು. ಮಷಿನ್ ಗುಂಯ್ ಎಂದಿತು. ನೀರು ಮಾತ್ರ ತೊಟ್ಟೂ ಬರಲಿಲ್ಲ. ಪ್ಲಗ್ ಕಿತ್ತರೂ ಮುಚ್ಚಳ ಬಿಡಲಿಲ್ಲ.

ಮಷಿನ್ನಿನ ಹಿಂದೆ ತೂರಿ ನಲ್ಲಿ ತಿರುಗಿಸಿದರು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರಿನಿಂದ ಬಡಿದರು. ಆ ಸದ್ದಿಗೆ ಮಹಡಿಯಿಂದ ಸೇತುವೆ ಅಂಕಲ್ ಇಳಿದು ಬಂದರು. ನೌಕರಿಯಲ್ಲಿದ್ದಾಗ ಸೇತುವೆ ಕಟ್ಟಿಸಿದವರು. ನಿವೃತ್ತಿಯ ನಂತರ ಅಕ್ಕಪಕ್ಕದವರ ಮನೆ ರಿಪೇರಿಯೇ ಅವರ ಉಸಿರು.

"ಎಡಕ್ಕಲ್ಲಯ್ಯಾ, ಬಲಕ್ಕೆ! ಇಂಥದಕ್ಕೆಲ್ಲ ಲೆಕ್ಕಾಚಾರ ಬೇಕು."

"ಮುಚ್ಚಳ ತೆಗೆಯೋಕೆ ಏನಾದ್ರೂ ದಾರಿ ಇದೆಯಾ ಅಂಕಲ್? ನಮ್ಮವಳು ಬಂದುಬಿಡ್ತಾಳೆ!"

"ಮೊದಲು ನೀರು. ನೀರು ಬಂದ್ರೆ ಎಲ್ಲಾ ಬರತ್ತೆ."

ಇಬ್ಬರೂ ಸೇರಿ ಎಳೆದರು. ನಲ್ಲಿಯ ತಲೆ ಕಿತ್ತು ಗುಮಾಸ್ತರ ಕೈಗೇ ಬಂತು. ಹಿಂದೆಯೇ ನೀರು ಬಾಣದಂತೆ ಚಿಮ್ಮಿ ಅಂಕಲ್‌ರ ಕನ್ನಡಕವನ್ನು ಹಾರಿಸಿಕೊಂಡು ಹೋಯಿತು.

"ಮೇನ್ ವಾಲ್ವ್ ಮುಚ್ಚಯ್ಯಾ!"

ಗುಮಾಸ್ತರು ತಾರಸಿಗೆ ಓಡಿದರು. ಅಲ್ಲಿ ಒಂದೇ ತರಹದ ವಾಲ್ವುಗಳು ಸಾಲಾಗಿ ಕೂತಿದ್ದವು. ಯಾವುದು ಯಾರದೆಂದು ಕೇಳುವ ವ್ಯವಧಾನ ಯಾರಿಗಿತ್ತು? ಎಲ್ಲವನ್ನೂ ಮುಚ್ಚಿ ಇಳಿದು ಬರುವಷ್ಟರಲ್ಲಿ ಬಾಗಿಲಲ್ಲಿ ಒಂದು ನೊರೆಯ ಬೊಂಬೆ ನಿಂತಿತ್ತು. ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮಾತ್ರ ತೆರೆದಿದ್ದ ಆ ಬೊಂಬೆ ಕೆಳಗಡೆ ವಾಸವಿದ್ದ ಮನೆ ಓನರ್.

"ನೀರು ನಿಲ್ಲಿಸಿದ್ದು ಯಾರ್ರೀ? ಕಣ್ಣು ಉರೀತಿದೆ! ನಾಳೇನೇ ಮನೆ ಖಾಲಿ ಮಾಡಿ!"

ಗುಮಾಸ್ತರು ಒಂದು ಬಿಂದಿಗೆ ನೀರು ಕೊಟ್ಟು ಕೈಮುಗಿದರು. ಎದುರುಮನೆಯ ಆಂಟಿ ಬಾಗಿಲಿಂದಲೇ ಇಣುಕಿ, "ಒಳಗಿನ ರಬ್ಬರ್ ಹೋಗಿರತ್ತೆ, ನೋಡಿ" ಎಂದು ತಮ್ಮ ಹಳೇ ಹವಾಯಿ ಚಪ್ಪಲಿಯನ್ನೇ ಎಸೆದರು. ಕನ್ನಡಕವಿಲ್ಲದ ಅಂಕಲ್ ಚಪ್ಪಲಿಯ ಜೊತೆಗೆ ತಮ್ಮ ಬೆರಳನ್ನೂ ಸ್ವಲ್ಪ ಕತ್ತರಿಸಿಕೊಂಡು ಒಂದು ವಾಷರ್ ತಯಾರಿಸಿದರು. ಗುಮಾಸ್ತರು ಅದಕ್ಕೆ ನೂಲು ಸುತ್ತಿ, ನಲ್ಲಿಯ ತಲೆ ಕೂರಿಸಿ, ದೇವರನ್ನು ನೆನೆದು ವಾಲ್ವುಗಳನ್ನು ತೆರೆದು ಬಂದು ಪ್ಲಗ್ ಮತ್ತೆ ಸಿಕ್ಕಿಸಿದರು.

ಪೈಪು ಒಮ್ಮೆ ಕೆಮ್ಮಿತು. ಆಮೇಲೆ ಮಷಿನ್ನಿಗೆ ಭೋರೆಂದು ನೀರು ಇಳಿಯಿತು. ಗುಮಾಸ್ತರು ಅಂಕಲ್‌ರನ್ನು ತಬ್ಬಿಕೊಂಡರು.

ಡ್ರಮ್ ತಿರುಗತೊಡಗಿದಾಗ ಒಳಗಿಂದ ದಡಬಡ ಸದ್ದು ಬಂತು.

"ಬೇರಿಂಗು. ವಯಸ್ಸಾಯ್ತಲ್ಲ, ನನ್ನ ಮಂಡೀನೂ ಹೀಗೇ" ಎಂದರು ಅಂಕಲ್.

ಕೊನೆಗೆ ಮುಚ್ಚಳ ತೆರೆದುಕೊಂಡಿತು. ಮೇಜುಬಟ್ಟೆ ಹಾಲಿನಂತೆ ಬೆಳ್ಳಗಿತ್ತು! ಗುಮಾಸ್ತರು ಅದನ್ನು ಇಸ್ತ್ರಿಯಲ್ಲೇ ಒಣಗಿಸಿ, ಮೊದಲಿದ್ದಂತೆಯೇ ಮಡಿಸಿಟ್ಟು, ನೆಲ ಒರೆಸಿ ಕುರ್ಚಿಯಲ್ಲಿ ಕೂತದ್ದಕ್ಕೂ ಹೆಂಡತಿ ಒಳಗೆ ಬಂದದ್ದಕ್ಕೂ ಸರಿಹೋಯಿತು.

ಬಟ್ಟೆ ನೋಡಿದಳು. ಮಡಿಕೆ ಬಿಚ್ಚದೆ ಚೀಲಕ್ಕಿಟ್ಟಳು. ಗುಮಾಸ್ತರಿಗೆ ಹೋದ ಜೀವ ಬಂತು. ಕೈತೊಳೆಯಲು ಒಳಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ರೀ, ಈ ಮಷಿನ್ನಿನ ನಲ್ಲಿ ತೆಗೆದಿದ್ದು ಯಾರು?"

"ಕೆಟ್ಟು ಬಿಗಿದುಕೊಂಡಿತ್ತು ಕಣೇ. ನಾನೇ ರಿಪೇರಿ ಮಾಡಿದೆ!" ಗುಮಾಸ್ತರು ಎದೆಯುಬ್ಬಿಸಿಕೊಂಡು ಒಳಗೆ ಬಂದರು.

"ಕೆಟ್ಟಿರಲಿಲ್ಲ. ಸ್ಪ್ಯಾನರ್ ಹಾಕಿ ಬಿಗಿದಿದ್ದು ನಾನು. ಅಪ್ಪಿತಪ್ಪಿ ಯಾರಾದ್ರೂ ಬಟನ್ ಒತ್ತಿದ್ರೂ ನೀರು ಬರಬಾರದು ಅಂತ."

"ಯಾಕೆ?"

ಹೆಂಡತಿ ಮಷಿನ್ನಿನೊಳಗಿನ ಹೊದಿಕೆಗಳ ಅಡಿಗೆ ಕೈಹಾಕಿ ಒಂದು ಪೊಟ್ಟಣ ಎತ್ತಿದಳು. ಬಣ್ಣದ ಕಾಗದ ಗಂಜಿಯಾಗಿ ಜಾರಿತು. ಒಳಗೊಂದು ಪುಟ್ಟ ರೇಡಿಯೋ.

"ಈ ಮನೇಲಿ ನೀವು ಕೈಯಿಡದ ಜಾಗ ಇದೊಂದೇ ಅಂತ ಇಲ್ಲಿ ಬಚ್ಚಿಟ್ಟಿದ್ದೆ. ಇವತ್ತು ನಿಮ್ಮ ಹುಟ್ಟಿದ ದಿನ. ನೆನಪಿದೆಯಾ?"

ಗುಮಾಸ್ತರು ಎರಡೂ ಕೈ ಚಾಚಿ ರೇಡಿಯೋ ತೆಗೆದುಕೊಂಡು ಗುಂಡಿ ತಿರುಗಿಸಿದರು.

ಹಾಡು ಬರಲಿಲ್ಲ. ನೀರು ಬಂತು.