ಒಂದೇ ಡಬ್ಬಿಯೊಳಗ ನಾಕ ಕಂಪ್ಯೂಟರ್

ರಾಮದುರ್ಗದ ಪೇಟೆಯಲ್ಲಿ, ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಕಾಲ. ಬೆಳಗಾವಿಯಿಂದ ಒಂದು ಹಳೆಯ ಸರ್ವರ್ ತಂದಿದ್ದೆ. ಅದರ ಮಹಿಮೆಯೆಂದರೆ, ಒಂದೇ ಡಬ್ಬಿಯ ಹೊಟ್ಟೆಯಲ್ಲಿ ನಾಲ್ಕು ಕಂಪ್ಯೂಟರ್ ಇರುತ್ತವೆ. ಇರುತ್ತವೆ ಎಂದರೆ, ನಿಜವಾಗಿ ಇರುವುದಿಲ್ಲ. ಆದರೆ ಇದ್ದ ಹಾಗೇ ಕೆಲಸ ಮಾಡುತ್ತವೆ. ನನಗೂ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಆದರೂ ಊರಿಗೆಲ್ಲ ತಿಳಿಸಿ ಹೇಳುತ್ತಿದ್ದೆ.

ಮೂರರಲ್ಲಿ ಕ್ಲಾಸಿನ ಕೆಲಸ, ಮನೆಯ ಕೆಲಸ. ನಾಲ್ಕನೆಯದು ಎಲ್ಲದರ ನಕಲು, ಅಂದರೆ ಬ್ಯಾಕಪ್, ಜೋಪಾನವಾಗಿಡಲಿಕ್ಕೆ. ನಾಲ್ಕಕ್ಕೂ ಊರುಗಳ ಹೆಸರು; ಇದಕ್ಕೆ ತೊರಗಲ್ ಎಂದು ಹೆಸರಿಟ್ಟೆ. ನಮ್ಮ ಸೀಮೆಯ ಹಳೆಯ ಕೋಟೆ, ಅದನ್ನು ಯಾರು ಮುಟ್ಟುತ್ತಾರೆ ಎಂಬ ಧೈರ್ಯ.

ಆ ಡಬ್ಬಿಯಲ್ಲಿ ನನ್ನ ಹೆಂಡತಿ ಶೈಲಾಳ ಜೀವವೂ ಇತ್ತು. ಆಕೆ ಧಾರವಾಡಕ್ಕೆ ಓಡಾಡಿ ಬೀಸುವ ಹಾಡುಗಳ ಮೇಲೆ ನೋಟುಬುಕ್ಕಿನಲ್ಲಿ ಪ್ರಬಂಧ ಬರೆಯುತ್ತಿದ್ದಳು. ಸುರೇಬಾನದ ತವರಿಗೆ ರವಿವಾರ ಬಸ್ಸು ಹತ್ತಿ ಹೋಗಿ, ತನ್ನ ಅವ್ವ ಬೀಸುತ್ತ ಹಾಡಿದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿದಿದ್ದಳು. ದಸರಿ ಹಬ್ಬ ಮುಗಿದ ಕೂಡಲೇ ಹಾಡುಗಳ ಸಮೇತ ಒಪ್ಪಿಸಬೇಕು. ನಾನೇ ಮುಂದೆ ಬಿದ್ದು ಆ ಹಾಡುಗಳನ್ನೆಲ್ಲ ಸರ್ವರಿಗೆ ಇಳಿಸಿಕೊಟ್ಟೆ.

"ಇನ್ನ ಈ ಕ್ಯಾಸೆಟ್ ಯಾಕ ಬೇಕು? ಬೂಸಲಾ ಹಿಡದ ಕೆಡತಾವ," ಎಂದೆ.

"ಇರ್ಲಿ ಬಿಡ್ರಿ, ಒಂದ ಮೂಲ್ಯಾಗ ಬಿದ್ದಿರ್ತಾವ," ಎಂದಳು ಶೈಲಾ.

ಅಷ್ಟರಲ್ಲಿ ಬಾಜೂಮನೆಯ ಬಸಪ್ಪ ಕಾಕಾ ಬಂದರು. ಮಠದಲ್ಲಿ ಸ್ವಾಮಿಗಳ ಶ್ರಾವಣದ ಪ್ರವಚನದ ಜವಾಬ್ದಾರಿ ಅವರದು. "ಮಾಸ್ತರ, ಕರೆಂಟ್ ಹೋದ್ರ ಮೈಕ್ ಬಂದ್ ಆಗತದ. ನಿಮ್ಮ ಯುಪಿಎಸ್ ಬ್ಯಾಟರಿ ಒಂದ ತಿಂಗಳ ಕೊಡ್ರಿ. ಮತ್ತ ಅಪ್ಪಾರ ಮಾತ ಹಿಡದಿಡಾಕ ಒಂದೀಟ ಹಳೀ ಕ್ಯಾಸೆಟ್ ಇದ್ದೂವಂದ್ರ…"

ದೇವರ ಕೆಲಸ! ಶೈಲಾ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಬ್ಯಾಟರಿಯನ್ನೂ ಕ್ಯಾಸೆಟ್ಟುಗಳನ್ನೂ ಒಟ್ಟಿಗೇ ದಾನ ಮಾಡಿಬಿಟ್ಟೆ. ಕರೆಂಟು ಹೋದರೆ ಎಂಬ ವಿಚಾರ ಬಂತು. ರಾಮದುರ್ಗದಲ್ಲಿ ಹುಟ್ಟಿ ಬೆಳೆದವನು ನಾನು, ಆದರೂ ಹೋಗಲಿಕ್ಕಿಲ್ಲ ಎಂದುಕೊಂಡೆ.

ಮರುವಾರ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು. ಕಡೆಗೆ ಬಂದಾಗ ಸರ್ವರ್ ಒಮ್ಮೆ ಗುರ್ ಎಂದು, ಪರದೆಯ ಮೇಲೆ ನಾಲ್ಕು ಕಂಪ್ಯೂಟರುಗಳ ಹೆಸರನ್ನೂ ತೋರಿಸಿತು. ಒಂದನ್ನೂ ತೆರೆಯಲಿಲ್ಲ. ಮನೆಯ ಬಾಗಿಲ ಮೇಲೆ ಹೆಸರಿದೆ, ಒಳಗೆ ಯಾರೂ ಓಗೊಡುತ್ತಿಲ್ಲ, ಅಂಥ ಪರಿಸ್ಥಿತಿ. ಇಲ್ಲದೇ ಇದ್ದ ಕಂಪ್ಯೂಟರುಗಳು ಈಗ ಇಲ್ಲವಾಗಿವೆ ಎಂದರೆ ಏನು ಅರ್ಥ?

ಬ್ಯಾಟರಿಯ ಸಮಾಚಾರ ಹೇಳಲು ಬಂದಿದ್ದ ಕಾಕಾ ಬಾಗಿಲಲ್ಲಿ ನಿಂತು, "ಏನಾತ್ರಿ ಮಾಸ್ತರ?" ಎಂದರು.

"ತೊರಗಲ್ ಹೋತ್ರಿ ಕಾಕಾ."

"ಎಲ್ಲಿ ಹೋಗತದ? ಮೊನ್ನೆ ನೋಡಿ ಬಂದೇನಿ, ಕೋಟಿ ಇದ್ದಲ್ಲೇ ಗಟ್ಟಿ ಕುಂತದ," ಎಂದು ನನ್ನನ್ನು ವಿಚಿತ್ರವಾಗಿ ನೋಡಿ ಹೊರಟುಹೋದರು.

ಸರ್ವರ್ ಮಾರಿದ ಬೆಳಗಾವಿಯವನಿಗೆ ಫೋನು ಹಚ್ಚಿದೆ.

"ಬ್ಯಾಕಪ್ ಅದ ಏನ್ರಿ?"

"ಅದರಿ," ಎಂದೆ, ಅಭಿಮಾನದಿಂದ.

"ಎಲ್ಲಿ ಇಟ್ಟೀರಿ?"

"ಅದ ಡಬ್ಬಿಯೊಳಗರಿ."

ಆ ಕಡೆ ಆತ ನಗು ತಡೆದುಕೊಳ್ಳುತ್ತಿದ್ದದ್ದು ಇಲ್ಲಿಗೆ ಕೇಳಿಸಿತು. ತಿಜೋರಿಯ ಕೀಲಿಕೈಯನ್ನು ತಿಜೋರಿಯೊಳಗೇ ಇಟ್ಟು ಬಾಗಿಲು ಹಾಕಿದಂತಾಗಿತ್ತು ನನ್ನ ಬಂದೋಬಸ್ತು.

"ಏನೂ ಒತ್ತಬ್ಯಾಡ್ರಿ. ನಾ ಶನಿವಾರ ಬರತೇನಿ," ಎಂದ.

ಶನಿವಾರದವರೆಗೆ ಸುಮ್ಮನೆ ಕೂಡ್ರುವುದು ಗಂಡಸಿಗೆ ಶೋಭೆಯೇ? ಪರದೆ ಒಂದೇ ಸಮನೆ ಏನೋ ಕೇಳುತ್ತಿತ್ತು: ದುರಸ್ತಿ ಮಾಡಲೇ, ಬೇಡವೇ? ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನಷ್ಟು ಇಂಗ್ಲಿಷು. ದುರಸ್ತಿಯನ್ನು ಬೇಡ ಎನ್ನುವವರುಂಟೇ? ಹೂಂ ಎಂದು ಒತ್ತಿದೆ. ಸಂಜೆಯ ಹೊತ್ತಿಗೆ ಸರ್ವರ್ ಪೂರ್ಣ ಗುಣಮುಖವಾಯಿತು. ಹೊಸದರಂತೆ ಹೊಳೆಯುತ್ತಿತ್ತು. ಒಳಗೆ ಮಾತ್ರ ಏನೂ ಇರಲಿಲ್ಲ.

ಶೈಲಾ ಮೇಲೆ ಬಂದಳು. "ನಮ್ಮವ್ವನ ಹಾಡ?"

ನಾನು, ಇದ್ದದ್ದೆಲ್ಲ ಅಳಿಸಿಹೋಗುವುದು ಎಂದಿದ್ದ ಆ ಸಣ್ಣ ಅಕ್ಷರದ ಇಂಗ್ಲಿಷನ್ನು ಆಗ ಮೊದಲ ಸಲ ಓದಿದವನ ಮುಖ ಮಾಡಿದೆ.

"ಹೋಗ್ಲಿ, ಕ್ಯಾಸೆಟ್ ಅದಾವಲ್ಲ," ಎಂದು ಮೂಲೆಗೆ ಹೋದಳು. ಮೂಲೆ ಖಾಲಿ ಇತ್ತು.

ದಾನದ ಸಂಗತಿ ಬಾಯಿಬಿಟ್ಟೆ; ಇಬ್ಬರೂ ಕಾಕಾರ ಮನೆಗೆ ಓಡಿದೆವು. ಒಂದೊಂದೇ ಕ್ಯಾಸೆಟ್ ಹಾಕಿ ಕೇಳಿದೆವು. ಎಲ್ಲದರಲ್ಲೂ ಸ್ವಾಮಿಗಳ ಗಂಭೀರ ಕಂಠ. ಈ ಸಂಸಾರದಲ್ಲಿ ಯಾವುದೂ ಉಳಿಯುವುದಿಲ್ಲ ಎಂದು ಅಪ್ಪಾವರು ಅಪ್ಪಣೆ ಕೊಡಿಸುತ್ತಿದ್ದರು. "ಎಷ್ಟ ಸಾಫ್ ಬಂದದ ನೋಡ್ರಿ," ಎಂದರು ಕಾಕಾ.

ಶೈಲಾ ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ಚಲೋ ಇತ್ತು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

ಮರುದಿನ ಇಬ್ಬರೂ ಸುರೇಬಾನದ ಬಸ್ಸು ಹತ್ತಿದೆವು. ಶೈಲಾಳ ತೊಡೆಯ ಮೇಲೆ ಕಾಕಾರಿಂದ ಎರವಲು ತಂದ ಟೇಪ್ ರೆಕಾರ್ಡರ್. ನಾನು ಕಂಪ್ಯೂಟರಿನಲ್ಲೇ ಹಿಡಿಯೋಣ ಎಂದದ್ದಕ್ಕೆ ಆಕೆ ನನ್ನ ಕಡೆ ಒಮ್ಮೆ ನೋಡಿದಳು. ನಾನು ಕಿಟಕಿಯಾಚೆ ಜೋಳದ ಬೆಳೆ ನೋಡಿದೆ.

ನಮ್ಮ ಅತ್ತಿ ಹಳೆಯ ಕಾಲದವರು. ಅಳಿಯನ ಎದುರು ಬರುವುದಿಲ್ಲ, ನೇರ ಮಾತಾಡುವುದಿಲ್ಲ. ನಾನು ಕೇಳಿಸಿಕೊಳ್ಳಬೇಕಾದದ್ದನ್ನು ಕಂಬಕ್ಕೆ ಹೇಳುತ್ತಾರೆ. ನಡೆದದ್ದನ್ನೆಲ್ಲ ಮಗಳ ಬಾಯಿಂದ ಕೇಳಿ, ತಲೆಯ ಮೇಲಿನ ಸೆರಗು ಎಳೆದುಕೊಂಡು ಕಂಬಕ್ಕೆ ಹೇಳಿದರು: "ಹಾಡ ಎಲ್ಲಿ ಹೋಗತಾವ? ಕಲ್ಲ ತಿರಗಿದ್ರ ತಾವ ಬರತಾವ. ಆದ್ರ ಅಳಿಯಂದ್ರ ಮುಂದ ನಾ ಹಾಡೂದಿಲ್ಲವ್ವಾ. ಅವ್ರನ್ನ ಹಿತ್ತಲಕ್ಕ ಕಳಸು."

"ಕರು ಒದರಿದ್ರ ರೆಕಾರ್ಡಿನ್ಯಾಗ ಬರತದ. ಅದನ್ನ ನೋಡ್ಕೋರಿ," ಎಂದು ಶೈಲಾ ಬಾಗಿಲು ಎಳೆದುಕೊಂಡಳು.

ಹೀಗೆ ಒಂದೇ ಡಬ್ಬಿಯಲ್ಲಿ ನಾಲ್ಕು ಕಂಪ್ಯೂಟರ್ ಸಾಕಿದ್ದ ತಂತ್ರಜ್ಞನು ಎಮ್ಮೆಯ ಕರುವಿನ ಬಾಯಿಗೆ ಹುಲ್ಲು ಹಿಡಿದು ಹಿತ್ತಲಲ್ಲಿ ನಿಂತನು. ಒಳಗೆ ಬೀಸುವ ಕಲ್ಲು ತಿರುಗತೊಡಗಿತು. ಹಾಡುಗಳು ಒಂದರ ಹಿಂದೆ ಒಂದು ಬಂದವು. ನನ್ನ ಜೀವ ತಣ್ಣಗಾಯಿತು. ಆಮೇಲೆ ಮೊದಲು ಎಂದೂ ಕೇಳಿರದ ಒಂದು ಹಾಡು ಬಂತು:

ಓದೀದ ಅಳಿಯ ಬಂದ ಡಬ್ಬೀಯ ಹೊತಕೊಂಡ
ನಾಕೂರ ಒಂದರಾಗ ತುಂಬ್ಯಾನ | ದೀಪಾರಿ
ಕತ್ತಲದಾಗ ಹುಡುಕ್ಯಾನ ನನಹಾಡ

ಒಳಗೆ ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಅದೂ ರೆಕಾರ್ಡಾಯಿತು.

ಪ್ರಬಂಧ ವೇಳೆಗೆ ಸರಿಯಾಗಿ ಹೋಯಿತು. ಧಾರವಾಡದಲ್ಲಿ ಪ್ರಬಂಧ ನೋಡುವ ಮಾಸ್ತರರಿಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ಆ ಹೊಸ ಹಾಡಂತೆ. ಶೈಲಾ ಈಗ ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಧಾರವಾಡದಲ್ಲಿ, ಒಂದನ್ನು ಅತ್ತಿಯ ಟ್ರಂಕಿನಲ್ಲಿ, ಒಂದನ್ನು ಕಾಕಾರ ಮನೆಯಲ್ಲಿ ಇಟ್ಟಿದ್ದಾಳೆ. ನನ್ನ ಕೈಗೆ ಒಂದೂ ಕೊಟ್ಟಿಲ್ಲ. ಸುರೇಬಾನದ ಹೆಣ್ಣುಮಕ್ಕಳಿಗಂತೂ ಆ ಹಾಡು ಬಾಯಿಪಾಠ. ನಾನು ಬಸ್ಸಿನಿಂದ ಇಳಿದರೆ ಸಾಕು, ಯಾರೋ ಗುನುಗುತ್ತಾರೆ.

ಜೀವನದಲ್ಲಿ ನಾನು ಕಳೆದುಕೊಂಡದ್ದು ಬಹಳ. ಪಕ್ಕಾ ಬ್ಯಾಕಪ್ ಇರುವುದು ನನ್ನ ಫಜೀತಿಗೆ ಮಾತ್ರ.