ದಾವಲಬೀಯ ಕಾಫಿ ಚೀಲದ ಸಂರಕ್ಷಣೆ

ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದಲ್ಲಿ ದಾವಲಬೀ ಎಂಬ ಅರವತ್ತೊಂಬತ್ತು ವರ್ಷದ ಹೆಣ್ಣುಮಗಳು ನಲವತ್ತೊಂದು ವರ್ಷಗಳಿಂದ ದಿನವೂ ಬೆಳಿಗ್ಗೆ ಬಟ್ಟೆಯ ಚೀಲದಲ್ಲಿ ಕಾಫಿ ಸೋಸಿ ಕುಡಿಯುತ್ತಿದ್ದಳು. ಇದಕ್ಕೆ ಆಕೆ ಯಾವ ಕಚೇರಿಯಿಂದಲೂ ಅನುಮತಿ ಪಡೆದಿರಲಿಲ್ಲ. ಯಾವ ಕಚೇರಿಯೂ ಕೇಳಿರಲಿಲ್ಲ. ಆಡಳಿತದಲ್ಲಿ ಇಂಥ ಲೋಪಗಳು ಆಗುತ್ತವೆ, ಯಾರನ್ನೂ ದೂರುವಂತಿಲ್ಲ.

ಓಣಿಗೆ ಓಣಿಯೇ ಚಹಾ ಕುಡಿಯುವಾಗ ಇವಳೊಬ್ಬಳಿಗೆ ಕಾಫಿ ಎಲ್ಲಿಂದ ಬಂತು ಎಂದರೆ, ಗಂಡ ಶಾಮೀದಸಾಬನಿಂದ. ಆತ ಹರೆಯದಲ್ಲಿ ಹೊಸಪೇಟೆಯ ಹೋಟೆಲೊಂದರಲ್ಲಿ ಎರಡು ವರ್ಷ ದುಡಿದು, ಉಳಿತಾಯ ಏನೂ ಇಲ್ಲದೆ ಕಾಫಿಯ ಚಟವೊಂದನ್ನೇ ಹತ್ತಿಸಿಕೊಂಡು ಊರಿಗೆ ಬಂದು ಮಗ್ಗಕ್ಕೆ ಕೂತವನು. ಮದುವೆಯಾದ ಹೊಸದರಲ್ಲಿ ಬೇರೆ ನೇಕಾರರು ಹೆಂಡಂದಿರಿಗೆ ಸೀರೆ ನೇಯ್ದು ಕೊಟ್ಟರೆ, ಈ ಪುಣ್ಯಾತ್ಮ ದಪ್ಪ ನೂಲಿನ ಒಂದು ಮೊಳ ಬಟ್ಟೆ ನೇಯ್ದು, ಚೀಲ ಹೊಲಿದು, ಬಾಯಿಗೆ ತಂತಿಯ ಬಳೆ ಕಟ್ಟಿ ಕೊಟ್ಟ. ದಾವಲಬೀ ಅದರಲ್ಲಿ ಪುಡಿ ಹಾಕಿ, ಕುದಿಯುವ ನೀರನ್ನು ಮೆಲ್ಲಗೆ ಹುಯ್ದು, ತಾಟು ಮುಚ್ಚಿ, ಅಂಗಳದ ಕಸ ಹೊಡೆಯಲು ಹೋಗುವಳು. ತಿರುಗಿ ಬರುವಷ್ಟರಲ್ಲಿ ಕೆಳಗಿನ ಪಾತ್ರೆಯಲ್ಲಿ ಡಿಕಾಕ್ಷನ್ ಕಪ್ಪಗೆ ಇಳಿದಿರುತ್ತಿತ್ತು. ಮೇಲೆ ಹಾಲು, ಬೆಲ್ಲ. ಚೀಲಕ್ಕೆ ಸಾಬೂನು ಮಾತ್ರ ತಾಗಿಸುವಂತಿಲ್ಲ. ಬರೀ ನೀರಿನಲ್ಲಿ ಜಾಲಿಸಿ ನೆರಳಿಗೆ ಹಾಕಬೇಕು. ಹಾಗೆ ನೋಡಿಕೊಂಡ ಚೀಲ ಎರಡು ಸಲ ತೇಪೆ ಕಂಡು, ಒಲೆಯ ಹಿಂದಿನ ಗೋಡೆಯಷ್ಟು ಕಪ್ಪಾಗಿತ್ತು. ಶಾಮೀದಸಾಬ ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಅದನ್ನು ಕೈಯಲ್ಲಿ ಹಿಡಿದಾಗ ಆತ ಇಲ್ಲೇ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾನೆ ಅನಿಸುತ್ತಿತ್ತು. ಇದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಹೀಗಿರಲಾಗಿ, ಮನೆಪಾನೀಯ ಪರಂಪರೆ ಸಂರಕ್ಷಣಾ ಘಟಕ ಎಂಬ ಕಚೇರಿಗೆ ಮೇಲಿನಿಂದ ಸುತ್ತೋಲೆ ಬಂತು. ಮಾರ್ಚ್ ಮುಗಿಯುವುದರೊಳಗೆ ತಾಲೂಕಿಗೆ ಒಂದರಂತೆ ಪಾನೀಯವನ್ನು ಸಂರಕ್ಷಿಸತಕ್ಕದ್ದು, ಸಂರಕ್ಷಿಸಿದ ಘಟಕಕ್ಕೆ ಹೊಸ ಜೀಪು ಕೊಡಲಾಗುವುದು. ಕುಷ್ಟಗಿಯಲ್ಲಿ ಅಂಬಲಿ ಸಿಕ್ಕಿತು, ಯಲಬುರ್ಗಾದಲ್ಲಿ ಮಜ್ಜಿಗೆ, ಗಂಗಾವತಿಯಲ್ಲಿ ಅಕ್ಕಿಗಂಜಿ. ಪಟ್ಟಿಯಲ್ಲಿ ಕೊಪ್ಪಳ ತಾಲೂಕಿನ ಹೆಸರಿನ ಮುಂದಿನ ಜಾಗ ಮಾತ್ರ ಖಾಲಿ ಉಳಿಯಿತು. ಘಟಕದ ಅಧಿಕಾರಿ ಅನುಸೂಯಾ ಮೇಡಂ ಅವರಿಗೆ ಊಟ ಸೇರದಾಯಿತು. ಜೀಪಿನ ಬಣ್ಣ ಯಾವುದಿರಬೇಕೆಂದು ಅವರು ಆಗಲೇ ಬರೆದು ಕಳಿಸಿದ್ದರು.

ಗುಮಾಸ್ತ ಕಾಶಿನಾಥ ಅವರಿವರನ್ನು ವಿಚಾರಿಸಿಕೊಂಡು ದಾವಲಬೀಯ ಮನೆಗೆ ಬಂದ. ಎರಡು ಲೋಟ ಕಾಫಿ ಕುಡಿದು, ಫಾರ್ಮು ತೆಗೆದ.

"ಅಮ್ಮಾರ, ಇದು ಪಾರಂಪರಿಕ ಐತೇನ್ರಿ?"

"ಇದು ಕಾಫಿ ಐತ್ರಿ ಸಾಹೇಬ್ರ."

ಕಾಶಿನಾಥ ಪಾರಂಪರಿಕ ಎಂದು ಬರೆದುಕೊಂಡ. "ಚೀಲ ಒಂದೆರಡ ದಿನಕ್ಕ ಕೊಡ್ರಿ. ಪ್ರಯೋಗಾಲಯಕ್ಕ ಕಳಸಬೇಕು. ಸಂರಕ್ಷಣೆ ಮಾಡೋದೈತಿ."

"ನಲವತ್ತೊಂದ ವರ್ಷ ನಾನ ಮಾಡೇನಲ್ರಿ ಸಂರಕ್ಷಣೆ."

"ಅದು ಖಾಸಗಿ ಸಂರಕ್ಷಣೆ ಆತ್ರಿ. ಅದನ್ನ ಲೆಕ್ಕಕ್ಕ ಹಿಡಿಯಾಕ ಬರಂಗಿಲ್ಲ."

ಸರ್ಕಾರದ ಮನುಷ್ಯ, ಅದೂ ತನ್ನ ಮನೆಯ ಕಾಫಿ ಕುಡಿದವನು. ಇಲ್ಲ ಅನ್ನಲು ಆಕೆಗೆ ಮನಸ್ಸಾಗಲಿಲ್ಲ. ಕಪ್ಪು ಬಣ್ಣದ ಚೀಲ, ಒಂದು, ಎಂದು ರಸೀದಿ ಕೊಟ್ಟು ಆತ ಹೋದ.

ಮಾದರಿಗಳನ್ನು ಶುಚಿಯಾದ ಸ್ಥಿತಿಯಲ್ಲಿ ಸಲ್ಲಿಸತಕ್ಕದ್ದು ಎಂಬ ನಿಯಮವಿದ್ದುದರಿಂದ ಚೀಲವನ್ನು ಜವಾನ ಹುಚ್ಚೀರಪ್ಪನಿಗೆ ಒಪ್ಪಿಸಲಾಯಿತು. ಹುಚ್ಚೀರಪ್ಪ ಭಾಳ ನಿಯತ್ತಿನ ಮನುಷ್ಯ. ಕಚೇರಿಯಲ್ಲಿ ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಹೆಚ್ಚು ಮಾಡುವವನು ಆತನೊಬ್ಬನೇ, ಆದ್ದರಿಂದ ಆತನಿಗೆ ಕೆಲಸ ಹೇಳಲು ಎಲ್ಲರೂ ಹೆದರುತ್ತಿದ್ದರು.

ಎರಡು ದಿನ ಹೋಗಿ ಮೂರು ವಾರವಾದ ಮೇಲೆ ದಾವಲಬೀ ಮೊಮ್ಮಗಳು ಮುಬಾಶಿರಾಳನ್ನು ಕರೆದುಕೊಂಡು ಕಚೇರಿಗೆ ಹೋದಳು. ಅಷ್ಟು ದಿನವೂ ಆಕೆ ಕಾಫಿ ಕುಡಿದಿರಲಿಲ್ಲ. ತಲೆ ಸಿಡಿಯುತ್ತಿತ್ತು. ಚೀಲ ಪ್ರಯೋಗಾಲಯಕ್ಕೆ ಹೋಗಿ ಬಂದು ಗಾಜಿನ ಕಪಾಟಿನಲ್ಲಿತ್ತು. ಹುಚ್ಚೀರಪ್ಪ ಹಿಗ್ಗಿನಿಂದ ತೋರಿಸಿದ.

"ನೋಡ್ರಿ ಅಕ್ಕಾರ, ಹಾಲಿನಂಗ ಆಗೇತಿ. ಮೂರ ಸಲ ಸೋಡಾ ಹಾಕಿ ಕುದಿಸೇನ್ರಿ. ನೀಲಿ ಹಾಕೇನಿ, ಗಂಜಿ ಹಾಕೇನಿ, ಇಸ್ತ್ರಿ ಸಹಿತ ಹೊಡದೇನಿ."

ದಾವಲಬೀ ಬೆಂಚಿನ ಮೇಲೆ ಕೂತುಬಿಟ್ಟಳು. ಬೈಯಬೇಕೆಂದು ಮುಖ ಎತ್ತಿದರೆ, ಸೋಡಾ ತಿಂದು ಬಿರಿದ ಆತನ ಬೆರಳುಗಳು ಕಂಡವು.

"ಭಾಳ ತ್ರಾಸ ತಗೊಂಡೀರಿ ಅಣ್ಣಾರ," ಎಂದಳು.

ಅಷ್ಟರಲ್ಲಿ ಕಾಶಿನಾಥ ಆಕೆಯ ಕೈಗೆ ನೋಟಿಸು ಕೊಟ್ಟ. ಮುಬಾಶಿರಾ ಓದಿ ಹೇಳಿದಳು. ಸದರಿ ಚೀಲದಲ್ಲಿ ಕಾಫಿಯ ಅಂಶ ಕಂಡುಬಂದಿಲ್ಲ. ಅಕ್ಕಿಗಂಜಿಯ ಅಂಶ ಹೇರಳವಾಗಿ ಕಂಡುಬಂದಿರುತ್ತದೆ. ಈ ಕಾರಣ ಚೀಲವನ್ನು ಗಂಗಾವತಿ ತಾಲೂಕಿನ ಕಡತಕ್ಕೆ ಏಕೆ ಸೇರಿಸಬಾರದು, ಹಾಗೂ ನಲವತ್ತೊಂದು ವರ್ಷ ಕಾಫಿ ಮಾಡಿರುವುದಾಗಿ ತಪ್ಪು ಮಾಹಿತಿ ನೀಡಿದ ಸದರಿಯವರಿಂದ ಚೀಲವನ್ನು ಕಾಯಂ ಆಗಿ ಏಕೆ ಮುಟ್ಟುಗೋಲು ಹಾಕಬಾರದು ಎಂಬುದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.

ಕಾಯಂ ಎಂಬ ಮಾತನ್ನು ದಾವಲಬೀ ಇನ್ನೊಂದು ಸಲ ಓದಿಸಿದಳು. ಕಾಫಿ ಹೋಯಿತು, ಈಗ ಗಂಡನ ಕೈಯ ನೂಲೂ ಹೋಗುತ್ತದೆ.

ಏಳನೆಯ ದಿನ ವಿಚಾರಣೆ ನಡೆಯಿತು. ಅನುಸೂಯಾ ಮೇಡಂ ನಡುವೆ, ಅಕ್ಕಪಕ್ಕ ಘಟಕದ ಸಮಿತಿಯ ನಾಲ್ವರು ಸದಸ್ಯರು. ಮುಬಾಶಿರಾ ಎದ್ದು ನಿಂತಳು.

"ಮೇಡಂರ, ಕಾಫಿ ಅಂಶ ಹೆಂಗ ಸಿಗತೈತ್ರಿ? ತೊಳದವರು ನೀವ ಅದೀರಲ್ಲ."

"ತೊಳೆದದ್ದು ನಿಯಮದ ಪ್ರಕಾರ ಐತಿ," ಎಂದರು ಮೇಡಂ. "ಕಾಫಿ ಹೋಗಿದ್ದು ಯಾವ ನಿಯಮದಾಗೂ ಇಲ್ಲ."

ಸದಸ್ಯರು ಇದನ್ನು ಬರೆದುಕೊಂಡರು.

"ಚೀಲ ಕೊಡ್ರಿ ಅವ್ವಾರ," ಎಂದಳು ದಾವಲಬೀ. "ಇಲ್ಲೇ ನಿಮ್ಮ ಮುಂದ ಮಾಡಿ ತೋರಸ್ತೇನಿ."

ಕಾಶಿನಾಥ ಅಡ್ಡ ಬಂದ. ಚೀಲ ಈಗ ಸರ್ಕಾರಿ ದಾಖಲೆ, ರಿಜಿಸ್ಟರಿನಲ್ಲಿ ಬಿಳಿ ಎಂದು ನಮೂದಾಗಿದೆ, ಪುಡಿ ಬಿದ್ದರೆ ಕಲೆಯಾಗುತ್ತದೆ, ಕಲೆಯಾದರೆ ಸರ್ಕಾರಿ ಸ್ವತ್ತಿಗೆ ಹಾನಿ. ಮಾಡಿ ತೋರಿಸದಿದ್ದರೆ ಜಪ್ತಿ, ತೋರಿಸಿದರೆ ಕೇಸು. ಮೇಡಂ ಕಿಟಕಿಯಿಂದ ಹೊರಗೆ, ಜೀಪು ನಿಲ್ಲಬೇಕಾದ ಜಾಗವನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ತೀರ್ಮಾನ ಹೇಳಿದರು.

"ಯೋಜನೆ ಇರೋದು ವಿಧಾನಕ್ಕ. ಪುಡಿ, ಹಾಲು, ಬೆಲ್ಲ ನಮ್ಮ ವ್ಯಾಪ್ತಿಗೆ ಬರಂಗಿಲ್ಲ. ಅವನ್ನ ಬಿಟ್ಟು ಮಾಡ್ರಿ."

ಹುಚ್ಚೀರಪ್ಪ ನೀರು ಕಾಸಿ ತಂದ. ದಾವಲಬೀ ಬಿಳಿ ಚೀಲವನ್ನು ಪಾತ್ರೆಯ ಬಾಯಿಗೆ ಇಳಿಸಿ, ಬರೀ ಬಿಸಿನೀರು ಹುಯ್ದು, ತಾಟು ಮುಚ್ಚಿದಳು. ವಿಧಾನದಲ್ಲಿ ಅಂಗಳ ಗುಡಿಸುವುದೂ ಇದ್ದುದರಿಂದ ಕಚೇರಿಯ ಅಂಗಳವನ್ನು ಗುಡಿಸಿ ಬಂದಳು. ಐವರಿಗೂ ಒಂದೊಂದು ಲೋಟ ಕೊಡಲಾಯಿತು. ಅವರು ಊದಿ ಊದಿ ಕುಡಿದರು. ವಿರುಪಣ್ಣ ಎಂಬ ಹಿರಿಯ ಸದಸ್ಯರು ಕಣ್ಣು ಮುಚ್ಚಿ, "ಹಿಂದಕ ನಮ್ಮವ್ವ ಹಿಂಗ ಮಾಡ್ತಿದ್ಲು ನೋಡ್ರಿ," ಎಂದರು. ಪಾರಂಪರಿಕ ರುಚಿ ಹಾಗೂ ಪರಿಮಳ ಕಂಡುಬಂದಿರುತ್ತದೆ ಎಂದು ಸರ್ವಾನುಮತದಿಂದ ದಾಖಲಿಸಲಾಯಿತು. ಮುಂದಿನ ತಿಂಗಳು ಜೀಪು ಬಂತು.

ಚೀಲವನ್ನು ಮಾತ್ರ ದಾವಲಬೀಯ ಮನೆಯಲ್ಲೇ ಇಡಲು ಮೇಡಂ ಒಪ್ಪಿದರು, ಕಪಾಟಿನಲ್ಲಿ ಜಿರಳೆ ಆಗಿದ್ದವು. ಷರತ್ತುಗಳನ್ನು ಕಾಶಿನಾಥ ಓದಿದ. ದಿನವೂ ಬೆಳಿಗ್ಗೆ ಚೀಲದಿಂದ ಪಾನೀಯ ತಯಾರಿಸತಕ್ಕದ್ದು. ಅದಕ್ಕೆ ಪುಡಿ ತಾಗಿಸತಕ್ಕದ್ದಲ್ಲ. ಅದೇ ಮನೆಯಲ್ಲಿ ಬೇರೆ ಯಾವುದೇ ಸಾಧನದಿಂದ ಕಾಫಿ ಮಾಡಿದಲ್ಲಿ ಚೀಲವನ್ನು ಹಿಂಪಡೆಯಲಾಗುವುದು. ಪ್ರತಿ ಸೋಮವಾರ ಹುಚ್ಚೀರಪ್ಪ ಬಂದು ಬಿಳುಪನ್ನು ಪರಿಶೀಲಿಸುವನು.

"ಸಹಿ ಮಾಡಬ್ಯಾಡ ದಾದಿ," ಎಂದಳು ಮುಬಾಶಿರಾ. ಸಿಟ್ಟಿನಿಂದ ಅಜ್ಜಿಯ ಕೈ ಹಿಡಿದಳು. "ಬಜಾರದಾಗ ಸ್ಟೀಲಿನ ಫಿಲ್ಟರ್ ಸಿಗತಾವು. ಈ ಅರಿವಿ ಚೀಲ ಅವರ ಇಟಗೊಳ್ಳಲಿ. ನೀನು ಕಾಫಿ ಕುಡಿ."

ದಾವಲಬೀ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಬಣ್ಣ ಹೋಗಿತ್ತು, ವಾಸನೆ ಹೋಗಿತ್ತು. ನೂಲು ಅದೇ ಇತ್ತು.

"ಕಾಫಿ ಬಿಟ್ಟ ಬದುಕತೇನವ್ವಾ," ಎಂದಳು. "ಇದನ್ನ ಕಪಾಟಿನ್ಯಾಗ ಬಿಟ್ಟ ಬರಾಕ ಆಗಂಗಿಲ್ಲ." ಸಹಿ ಹಾಕಿದಳು.

ಅಂದಿನಿಂದ ಕೊಪ್ಪಳ ತಾಲೂಕಿನ ಪಾರಂಪರಿಕ ಕಾಫಿ ಸುಗಮವಾಗಿ ನಡೆದಿದೆ. ಶ್ರೀರಾಮನಗರದಿಂದ ಒಂದು ವ್ಯಾನಿನಷ್ಟು ಜನ ನೋಡಲು ಬಂದಿದ್ದರು, ಕುಡಿದು ಪುಡಿ ಯಾವ ಅಂಗಡಿಯದೆಂದು ಕೇಳಿದರು. ಕುಷ್ಟಗಿಯ ಮಹಿಳಾ ಸಂಘದವರು ಮೂರು ದಿನ ತರಬೇತಿ ಪಡೆದು, ಚೀಲದೊಳಗೆ ಬಿಸಿನೀರು ಹುಯ್ಯುವುದನ್ನು ಕಲಿತು ಪ್ರಮಾಣಪತ್ರ ಒಯ್ದರು. ಪಕ್ಕದ ಮನೆಯ ಕಳಕಮ್ಮ ಜನ್ಮವಿಡೀ ಚಹಾ ಕುಡಿದವಳು, ಈಗ ಬೆಳಿಗ್ಗೆ ಇಲ್ಲಿಗೇ ಬರುತ್ತಾಳೆ. ಸಂಜೆ ಕೊಟ್ಟರೆ ಒಲ್ಲೆ ಅನ್ನುತ್ತಾಳೆ, ನಿದ್ದೆ ಬರುವುದಿಲ್ಲವಂತೆ.

ಮೊದಲ ಎರಡು ತಿಂಗಳು ದಾವಲಬೀ ಲೋಟ ಹಿಡಿದಾಗಲೆಲ್ಲ ಕಣ್ಣಲ್ಲಿ ನೀರು ತರುತ್ತಿದ್ದಳು. ಮೂರನೆಯ ತಿಂಗಳು ತಲೆನೋವು ಬಿಟ್ಟಿತು. ಮೊನ್ನೆ ಸೋಮವಾರ ಹುಚ್ಚೀರಪ್ಪ ಬಿಳುಪನ್ನು ಪರಿಶೀಲಿಸಿ, ಒಂದು ಲೋಟ ಮುಗಿಸಿ, "ಛಲೋ ಆಗೇತ್ರಿ ಅಕ್ಕಾರ," ಎಂದು ಹೋದ. ದಾವಲಬೀ ತನ್ನ ಲೋಟದಿಂದ ಒಂದು ಗುಟುಕು ಕುಡಿದು, ಯೋಚಿಸಿ, ಇನ್ನೊಂದು ಗುಟುಕು ಕುಡಿದು, ಈಚೆಗೆ ಬೆಳಿಗ್ಗೆ ಚೀಲಕ್ಕೆ ನೀರು ಹುಯ್ಯುತ್ತಿರುವ ಮೊಮ್ಮಗಳನ್ನು ಕರೆದಳು.

"ಮುಬಾಶಿರಾ, ಇವತ್ತ ಸ್ವಲ್ಪ ಕಡಕ್ ಆಗೇತಿ. ನಾಳಿಂದ ನೀರು ಕಡಿಮಿ ಹಾಕು."

"ಹೂಂ ದಾದಿ," ಎಂದಳು ಮುಬಾಶಿರಾ. ಮರುದಿನ ಕಡಿಮೆ ಹಾಕಿದಳು. ಸರಿಹೋಯಿತು.