ಪರೀಕ್ಷಕರ ಎರಡನೇ ಹೋಳಿಗೆ

"ನೋಡವಾ ಸುವರ್ಣಾ, ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮಿಲ್ಲ!"

ಫಕೀರಪ್ಪ ಕಾಕಾ ಎದೆಯುಬ್ಬಿಸಿ ಗುಂಡಿ ಒತ್ತಿದ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು ಮಾಡಿದ ಯಂತ್ರ ಹೇಗಿರಬೇಕೋ ಹಾಗೇ ಇತ್ತು ಅದು. ಕೆಳಗೆ ಮೂರು ಗಾಲಿ, ಎರಡು ಉಕ್ಕಿನ ಕೈ, ತಲೆ ಇರಬೇಕಾದಲ್ಲಿ ಒಂದು ಹೆಡ್‌ಲೈಟು! ಅದು ಗರ್ರನೆ ಬಗ್ಗಿ ಒಂದು ಸೌಟು ಪಲ್ಯ ತೆಗೆದು ತಟ್ಟೆಗೆ ಬಡಿಸಿತು. ನಾನು ತೂಕ ಮಾಡಿದೆ. ಸರಿಯಾಗಿ ನೂರು ಗ್ರಾಂ. ಹತ್ತು ಸಲ ಬಡಿಸಿದರೂ ಅಷ್ಟೇ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಯಾಕೆಂದರೆ ನಾನು ಪೋಷಣಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಬರೆಯುವ ಪರೀಕ್ಷೆಯೆಲ್ಲ ಪಾಸು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಕಳೆದ ವರ್ಷ ಫೇಲಾಗಿದ್ದೆ, ಅದೂ ನನ್ನ ಕೈಯಿಂದಲೇ! ಅಳೆದು ಬಡಿಸುವುದು ನಮ್ಮ ಮನೆಯವರ ರಕ್ತದಲ್ಲೇ ಇಲ್ಲ. ಸಕ್ಕರೆ ಕಾಯಿಲೆಯ ರೋಗಿಯ ತಟ್ಟೆಗೆ ನನಗೇ ಗೊತ್ತಿಲ್ಲದಂತೆ ಒಂದು ರೊಟ್ಟಿ ಹೆಚ್ಚು ಹಾಕಿಬಿಟ್ಟಿದ್ದೆ. "ಈಕೆ ರೋಗಿಯನ್ನು ಬೀಗರೆಂದು ತಿಳಿದಿದ್ದಾಳೆ" ಎಂದು ಪರೀಕ್ಷಕರು ಬರೆದು ಹೋಗಿದ್ದರು. ಮರುದಿನ ನನ್ನ ಎರಡನೆಯ ಮತ್ತು ಕೊನೆಯ ಅವಕಾಶವಿತ್ತು. ಹುಬ್ಬಳ್ಳಿಯ ಒಂದು ಆಸ್ಪತ್ರೆಯವರು ಆಹಾರ ತಜ್ಞೆಯ ಕೆಲಸವನ್ನು ತಿಂಗಳ ಕೊನೆಯವರೆಗೆ ನನಗಾಗಿ ಹಿಡಿದಿಟ್ಟಿದ್ದರು. ಪಾಸಾಗದಿದ್ದರೆ ಅದೂ ಕೈತಪ್ಪಿದಂತೆಯೇ.

"ಕಾಕಾ, ಇದಕ್ಕ ಬಡಿಸೂದು ಕಲಿಸಿದವರು ಯಾರು?" ಎಂದೆ.

"ಮತ್ಯಾರು? ನಮ್ಮವ್ವ! ಹದಿನೈದು ದಿನ ಆಕಿ ಹಿಂದಿಂದನ ತಿರುಗಿ, ಎಲ್ಲಾ ನೋಡಿ, ಕೇಳಿ ಕಲ್ತೈತಿ!"

ಆಗಲೇ ನಾನು ಎದ್ದು ಓಡಬೇಕಿತ್ತು. ಕಾಕಾನ ಅವ್ವ, ಅಂದರೆ ನಮ್ಮ ಗಿರಿಜವ್ವಜ್ಜಿಯ ಪಂಕ್ತಿಯಲ್ಲಿ ಕೂತವರು ಒಂದೇ ಸಲ "ಸಾಕು" ಎಂದು ಹೇಳಿ ಪಾರಾದದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ. ಅವಳ ಪ್ರಕಾರ ಮೊದಲನೆಯ "ಸಾಕು" ನಾಚಿಕೆ, ಎರಡನೆಯದು ಮರ್ಯಾದೆ, ಮೂರನೆಯದು ಬಂದಾಗ ವಿಚಾರ ಮಾಡಿದರಾಯಿತು. ಆದರೆ ನನ್ನ ಗಮನವೆಲ್ಲ ಆ ದಿನ ತಕ್ಕಡಿಯ ಮೇಲಿತ್ತು.

ಮರುದಿನ ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ಅಳತೆಗೆ ಯಾವ ಉಪಕರಣವನ್ನಾದರೂ ಬಳಸಬಹುದೆಂದು ನಿಯಮವಿದ್ದುದರಿಂದ ನಮ್ಮ ವಿಭಾಗದ ಮುಖ್ಯಸ್ಥೆ ಮಂಗಳಾ ಮೇಡಂ ಯಂತ್ರವನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟರು. ಕಾಕಾ ಕಿಟಕಿಯ ಹೊರಗೆ ನಿಂತ. ನನ್ನದು ಸಕ್ಕರೆ ಕಾಯಿಲೆಯವರ ಊಟ: ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಲೋಟ ಮಜ್ಜಿಗೆ. ಕಾರ್ಬೋಹೈಡ್ರೇಟ್ ಅರವತ್ತೈದು ಗ್ರಾಂ, ದಾಟುವಂತಿಲ್ಲ. ಎಡಗಡೆಯ ಮೇಜಿನಲ್ಲಿ ಒಬ್ಬಳು ಬಾಣಂತಿಗೆಂದು ಅಂಟಿನ ಉಂಡೆ ಮತ್ತು ತುಪ್ಪ ಇಟ್ಟಿದ್ದಳು. ಬಲಗಡೆಯ ಮೇಜಿನಲ್ಲಿ ಕುಸ್ತಿಪಟುವಿನ ಊಟವೆಂದು ಶೇಂಗಾ ಹೋಳಿಗೆಯ ಗುಡ್ಡೆಯೇ ಇತ್ತು.

ಹೊರಗಿನಿಂದ ಬಂದ ಪರೀಕ್ಷಕರು ಡಾ. ಉಳ್ಳಾಗಡ್ಡಿ. ನಕ್ಕರೆ ಅಂಕ ಸೋರಿಹೋಗುತ್ತದೆ ಎಂಬಂಥ ಮುಖ.

"ನನಗೂ ಸಕ್ಕರಿ ಕಾಯಿಲೆ ಅದ," ಎಂದು ನನ್ನ ಮೇಜಿಗೇ ಕುಳಿತರು. "ನಿನ್ನ ತಾಟು ನಾನ ಉಣ್ಣಾಂವ. ಹೆಚ್ಚುಕಡಿಮಿ ಆದ್ರ ತ್ರಾಸು ನನಗ, ಫೇಲ್ ನಿನಗ."

ಯಂತ್ರ ಬಡಿಸಿತು. ಎಲ್ಲವೂ ಗುಂಜಿಯಷ್ಟೂ ತಪ್ಪದ ಅಳತೆ! ಉಳ್ಳಾಗಡ್ಡಿ ಸರ್ ತಟ್ಟೆ ಪೂರ್ತಿ ಉಂಡು, ಮಜ್ಜಿಗೆ ಕುಡಿದು, "ಚಲೋ ಆಗೇತಿ. ಸಾಕು," ಎಂದರು.

ಹೆಡ್‌ಲೈಟು ಝಗ್ಗನೆ ಹೊತ್ತಿತು!

"ಅಯ್ಯ, ಇಷ್ಟಕ್ಕ ಸಾಕಂದ್ರ ಹ್ಯಾಂಗ್ರೀ? ನಾಚಬ್ಯಾಡ್ರಿ!" ಯಂತ್ರದೊಳಗಿಂದ ಅಜ್ಜಿಯದೇ ದನಿ! ಮೂರು ರೊಟ್ಟಿ ದಪದಪನೆ ತಟ್ಟೆಗೆ ಬಿದ್ದವು.

"ಏ, ಸಾಕಂದೆ!" ಸರ್ ಗುಡುಗಿದರು.

"ಇದು ಎರಡನೇದ್ದು. ಮರ್ಯಾದಸ್ಥರು ನೀವು!" ಎಂದು ಯಂತ್ರ ಬಲಗೈ ಚಾಚಿ ಪಕ್ಕದ ಮೇಜಿನಿಂದ ನಾಲ್ಕು ಹೋಳಿಗೆ ಎಳೆದುಕೊಂಡಿತು. ಎಡಗೈಯಿಂದ ಎರಡು ಉಂಡೆ. ಏಳಲು ಹೋದ ಸರ್ ಭುಜದ ಮೇಲೆ ಕೈಯಿಟ್ಟು ಕೂಡ್ರಿಸಿತು. "ಪಂಕ್ತಿ ನಡುವ ಏಳಬಾರದ್ರೀ! ನಮ್ಮ ಮನಿ ಅಡಗಿ ಸೇರಲಿಲ್ಲೇನು?" ಎಂದು ಒಂದು ಉಂಡೆಯನ್ನು, ಅದರ ಹಿಂದೆಯೇ ಒಂದು ಹೋಳಿಗೆಯನ್ನು ಬಾಯಿಗೇ ತುರುಕಿತು!

ನಾನು ಕಿಟಕಿಯತ್ತ ಕೂಗಿದೆ. "ಕಾಕಾ! ಆಫ್ ಮಾಡು ಇದನ್ನ!"

"ಆಫ್ ಗುಂಡಿ ಇಟ್ಟಿಲ್ಲವಾ! ಉಣ್ಣುವಾಗ ಬಡಿಸೂದು ನಿಂತ್ರ ಅಪಮಾನ ಅಂದ್ಲು ಅವ್ವ!"

"ಹಂಗಾದ್ರ ಬ್ಯಾಟರಿ ಬಿಚ್ಚು!"

"ಹನ್ನೆರಡು ನಟ್ಟು ಹಾಕೀನಿ! ನಟ್ಟು ಬಿಚ್ಚೂ ಪಾನಾ ಮನ್ಯಾಗ ಐತಿ!"

"ಮನ್ಯಾಗ ಇಟ್ಟು ಪೂಜಿ ಮಾಡ್ತೀಯೇನು ಪಾನಾನ?"

"ಪರೀಕ್ಷಾಕ್ಕ ಯಾರರೆ ಪಾನಾ ತರ್ತಾರೇನವಾ?"

ಯಂತ್ರ ತುಪ್ಪ ತರಲು ಆ ಕಡೆ ತಿರುಗಿತು. ಅದು ಮರಳುವಷ್ಟರಲ್ಲಿ ನಾನು ಎರಡೂ ಅಂಗೈ ಹರಡಿ ತಟ್ಟೆ ಮುಚ್ಚಿದೆ. ಯಂತ್ರ ನನ್ನ ಕೈ ಮೇಲೆಯೇ ತುಪ್ಪ ಸುರಿಯಿತು. ಸರ್ ಹಣೆಯಲ್ಲಿ ಬೆವರು. ಅವರಿಗೇನಾದರೂ ಆದರೆ ಎಂಬ ಭಯಕ್ಕೆ ಕೆಲಸ, ಅಂಕ ಎಲ್ಲ ಮರೆತೇಹೋಯಿತು. ಪಕ್ಕದ ಗುಡ್ಡೆಯಿಂದ ಹೊಸದಾಗಿ ಎತ್ತಿದ ಇನ್ನೊಂದು ಹೋಳಿಗೆ ಅವರ ಬಾಯಿಯ ಹತ್ತಿರ ಬಂದಿತ್ತು.

ಅಜ್ಜಿಯ ಕೈಯಿಂದ ಪಾರಾಗಲು ನಮ್ಮ ಮನೆಯಲ್ಲಿ ಇರುವುದು ಒಂದೇ ದಾರಿ: ನಮಗಿಂತ ಬಡಕಲಾದ ಇನ್ನೊಬ್ಬರನ್ನು ತೋರಿಸಬೇಕು. ಮೂಲೆಯಲ್ಲಿ ಶರೀರಶಾಸ್ತ್ರ ಪಾಠದ ಅಸ್ಥಿಪಂಜರ ನೇತಾಡುತ್ತಿತ್ತು. ಸ್ಟ್ಯಾಂಡು ಸಮೇತ ಅದನ್ನು ಎಳೆದು ತಂದು ಹೆಡ್‌ಲೈಟಿನ ಮುಂದೆ ನಿಲ್ಲಿಸಿದೆ.

ಯಂತ್ರ ಗಕ್ಕನೆ ನಿಂತಿತು.

"ಅಯ್ಯ ನನ್ನ ಕಂದಾ! ಎಷ್ಟು ಸೊರಗೀಯಪಾ! ಮನ್ಯಾಗ ಉಣ್ಣಾಕ ಹಾಕೂದಿಲ್ಲೇನು?"

ಅದು ಸರ್ ಅವರನ್ನು ಬಿಟ್ಟು, ಹೊಸ ತಟ್ಟೆ ಹಿಡಿದು, ಅಸ್ಥಿಪಂಜರವನ್ನು ಮೂಲೆಗೆ ತಳ್ಳಿಕೊಂಡು ಹೋಯಿತು. ಹೋಳಿಗೆಯ ಚೂರುಗಳು ಪಕ್ಕೆಲುಬಿನ ಸಂದಿಯಿಂದ ಉದುರತೊಡಗಿದವು.

ಉಳ್ಳಾಗಡ್ಡಿ ಸರ್ ಚೀಲದೊಳಗಿನ ಇನ್ಸುಲಿನ್ ಪೆನ್ನು ತೆಗೆದರು. "ಎಷ್ಟು ತಿಂದೀನಿ ಲೆಕ್ಕ ಹಾಕು. ಅದರ ಮ್ಯಾಲ ಇನ್ಸುಲಿನ್ ತಗೋಬೇಕು ನಾನು. ಇದ ನಿನ್ನ ಪರೀಕ್ಷಾ. ಪೂರ್ತಿ ಊಟ, ಒಂದು ಉಂಡಿ, ಒಂದು ಹೋಳಿಗಿ. ಬರಕೋ."

ನಾನು ತಟ್ಟೆ ನೋಡಿದೆ. ಮೂರು ರೊಟ್ಟಿ ಹಾಗೇ ಇವೆ. ಉಂಡೆ ಒಂದಿದೆ. ಹೋಳಿಗೆ ಎರಡು.

"ಸರ್, ತಾವು ತಿಂದಿದ್ದು ಎರಡು ಹೋಳಿಗಿ."

ಮಂಗಳಾ ಮೇಡಂ ನನ್ನತ್ತ ಕಣ್ಣು ಬಿಟ್ಟರು. ಸುಮ್ಮನಿರು ಎಂದರ್ಥ.

"ಒಂದ!" ಎಂದರು ಸರ್. "ಇನ್ನೊಂದು ಕೆಳಗ ಬಿದ್ದಿರಬೇಕು."

ಬಗ್ಗಿ ಮೇಜಿನಡಿ ನೋಡಿದೆ. ಏನೂ ಇರಲಿಲ್ಲ. ಹೂಂ ಅಂದುಬಿಟ್ಟರೆ ಪಾಸಾಗಬಹುದು, ಎಂದು ಒಳಗಿನ ಆಸೆ ಹೇಳಿತು. ಆದರೆ ಹೂಂ ಅಂದರೆ ಇನ್ಸುಲಿನ್ ಕಡಿಮೆಯಾಗುತ್ತದೆ.

"ನಾಕು ಹಾಕಿತ್ತು, ಎರಡು ಉಳದಾವ. ಒಂದನ್ನ ಅದು ತಿನ್ನಿಸ್ತು. ಇನ್ನೊಂದನ್ನ... ಅದು ತುಪ್ಪ ತರಾಕ ಆ ಕಡೆ ತಿರುಗಿದಾಗ ತಾವ ತಿಂದ್ರಿ, ಸರ್. ನಾ ನೋಡೀನಿ. ಒಟ್ಟು ಕಾರ್ಬೋಹೈಡ್ರೇಟ್ ನೂರಾ ಅರವತ್ತು ಗ್ರಾಂ."

ಸರ್ ಕಿವಿ ಕೆಂಪಾಯಿತು. ಅವರು ನನ್ನನ್ನು, ತಟ್ಟೆಯನ್ನು, ಮತ್ತೆ ನನ್ನನ್ನು ನೋಡಿದರು. ನಂತರ ನೂರಾ ಅರವತ್ತಕ್ಕೆ ತಕ್ಕಂತೆಯೇ ಪೆನ್ನು ತಿರುಗಿಸಿ ಚುಚ್ಚಿಕೊಂಡರು.

ಎರಡು ಗಂಟೆ ಗೋಡೆ ಪಕ್ಕದ ಬೆಂಚಿನ ಮೇಲೆ ನಾನು ಹೇಗೆ ಕುಳಿತೆನೋ ನನಗೇ ಗೊತ್ತಿಲ್ಲ. ಕೊನೆಗೆ ಸರ್ ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರು. ಹಿಡಿತದಲ್ಲಿತ್ತು. ಅಂಕಪಟ್ಟಿ ಎಳೆದುಕೊಂಡು ಬರೆಯುತ್ತ ಗೊಣಗಿದರು:

"ರೋಗಿ ಬಾಯಿ ನಂಬಬ್ಯಾಡ್ರಿ, ತಾಟು ನೋಡ್ರಿ ಅಂತ ಮೂವತ್ತು ವರ್ಷ ಪಾಠ ಮಾಡೀನಿ. ಇವತ್ತ ಒಬ್ಬಾಕಿ ನೋಡಿದ್ಲು. ಪಾಸ್! ಬಡಿಸಿದ್ದಕ್ಕ ಮಾತ್ರ ಸೊನ್ನಿ."

ಕಾಕಾ ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದ. ನಾನು ಅತ್ತುಬಿಟ್ಟೆ.

ಪಾನಾ ತಂದರೂ ಪ್ರಯೋಜನವಾಗಲಿಲ್ಲ. ಹತ್ತಿರ ಹೋದವರನ್ನೆಲ್ಲ ಯಂತ್ರ ಹಿಡಿದು ಊಟಕ್ಕೆ ಕೂಡ್ರಿಸುತ್ತಿತ್ತು! ಬ್ಯಾಟರಿ ಮುಗಿಯುವವರೆಗೆ ಮೂರು ದಿನ ಅದು ಅಸ್ಥಿಪಂಜರಕ್ಕೆ ಉಣಿಸಿತು. ನಾಲ್ಕನೇ ದಿನ ಮಂಗಳಾ ಮೇಡಂ ಒಂದು ಫಾರಂ ಕೊಟ್ಟು, ಪ್ರಯೋಗಾಲಯದ ಸಾಮಗ್ರಿಯನ್ನು ಯಾರು ಎಷ್ಟು ತಿಂದರೆಂದು ವಿಚಾರಿಸಿ ಬರೆಯಲು ಹೇಳಿದರು. ವಿದ್ಯಾರ್ಥಿಗಳು ಒಂದು ಉಂಡೆ ಎಂದರು, ಜವಾನ ರುಚಿ ನೋಡಿದ್ದಷ್ಟೇ ಎಂದ, ಮೇಡಂ ತಾವು ಮುಟ್ಟೇ ಇಲ್ಲ ಎಂದರು. ನಾನು ಎಲ್ಲರ ತಟ್ಟೆಗಳನ್ನೂ ನೋಡಿದ್ದೆ. ಅಸ್ಥಿಪಂಜರದ ಮುಂದೆ ಸೊನ್ನೆ ಬರೆದು ಸಹಿ ಹಾಕಿದೆ. ಇಡೀ ವಿಭಾಗದಲ್ಲಿ ತಿಂದ ಲೆಕ್ಕ ತಾಳೆಯಾದದ್ದು ಅವನೊಬ್ಬನದೇ.